ಹಳೇ ಹ್ಯಾಂಡಿಕ್ಯಾಮ್ ಅನ್ನು ವೆಬ್‌ಕ್ಯಾಮ್ ಮಾಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಕ್ಯಾಮ್‌ಕಾರ್ಡರ್ ಅಂದರೆ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ, ಹ್ಯಾಂಡಿಕ್ಯಾಮ್ ಅನ್ನಬೇಕು. ಆ ಹೆಸರು ಸೋನಿಯದು. ಆದರೆ ಪ್ಯಾನಸಾನಿಕ್ ಇರಲಿ, ಜೆವಿಸಿ ಇರಲಿ, ಕೈಪಟ್ಟಿಯೊಳಗೆ ಬೆರಳು ತೂರಿಸಿ ಹಿಡಿಯುವ ವಿಡಿಯೋ ಕ್ಯಾಮೆರಾ ಎಲ್ಲವೂ ನಮಗೆ ಹ್ಯಾಂಡಿಕ್ಯಾಮೇ. ಇಲ್ಲೂ ಹಾಗೇ ಕರೆದಿದ್ದೇನೆ. 2020ರ ಲಾಕ್‌ಡೌನ್‌ನಲ್ಲಿ ವೆಬ್‌ಕ್ಯಾಮ್ ಎಲ್ಲೂ ಸಿಗದೆ ಬೀರುವಿನ ಮೇಲಿನ ಖಾನೆಯಿಂದ ನಮ್ಮ ಹಳೇದನ್ನು ಇಳಿಸಿದೆ. ಅಂದಿನಿಂದ ನೆಂಟರು, ಅಕ್ಕಪಕ್ಕದವರು ಕೇಳುತ್ತಲೇ ಇರುವ ಪ್ರಶ್ನೆಗಳಿವು.

ಯುಎಸ್‌ಬಿ ಕೇಬಲ್ ಚುಚ್ಚಿದರೆ ಪೆನ್‌ಡ್ರೈವ್ ಥರ ಕಾಣುತ್ತದೆ, ಕ್ಯಾಮೆರಾ ಥರ ಕಾಣುವುದಿಲ್ಲ. ಯಾಕೆ?

ಹತ್ತರಲ್ಲಿ ಒಂಬತ್ತು ಜನ ಮೊದಲು ಎಡವುವುದು ಇಲ್ಲೇ. ಯುಎಸ್‌ಬಿಯಲ್ಲಿ ಒಂದೊಂದು ಬಗೆಯ ಸಾಧನಕ್ಕೆ ಒಂದೊಂದು ಜಾತಿ ಉಂಟು. ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್‌ಗಳು ಸಂಗ್ರಹದ ಜಾತಿ. ವೆಬ್‌ಕ್ಯಾಮ್‌ಗಳದ್ದು ಯುವಿಸಿ ಎಂಬ ವಿಡಿಯೋ ಜಾತಿ. ಕ್ಯಾಮೆರಾ ಚುಚ್ಚಿದ ಕೂಡಲೇ ಕಂಪ್ಯೂಟರ್ ‘ನೀನು ಯಾರು?’ ಅಂತ ಕೇಳುತ್ತದೆ. ಹ್ಯಾಂಡಿಕ್ಯಾಮ್ ‘ನಾನು ಡಿಸ್ಕ್’ ಅನ್ನುತ್ತದೆ, ಯಾಕೆಂದರೆ ಅದರ ಯುಎಸ್‌ಬಿ ಪೋರ್ಟ್ ಮಾಡಿರುವುದೇ ರೆಕಾರ್ಡ್ ಆದ ಫೈಲುಗಳನ್ನು ನಕಲು ಮಾಡಿಕೊಳ್ಳಲಿಕ್ಕೆ. ಲೆನ್ಸಿನ ಮುಂದೆ ಈಗ ನಡೆಯುತ್ತಿರುವುದನ್ನು ಆ ತಂತಿಯಲ್ಲಿ ಕಳಿಸುವ ಏರ್ಪಾಡೇ ಒಳಗಿಲ್ಲ. ಯಾವ ಡ್ರೈವರ್ ಹಾಕಿದರೂ ಇಲ್ಲದ್ದು ಬರುವುದಿಲ್ಲ. ‘ನಿಮ್ಮ ಹ್ಯಾಂಡಿಕ್ಯಾಮ್‌ಗೆ ವೆಬ್‌ಕ್ಯಾಮ್ ಡ್ರೈವರ್’ ಅಂತ ಡೌನ್‌ಲೋಡ್ ಮಾಡಿಸುವ ಜಾಲತಾಣಗಳಿಂದ ದೂರವಿರಿ.

ಅಪವಾದಗಳಿವೆ. 2000ದ ದಶಕದ ಕೆಲವು ಟೇಪ್ ಕ್ಯಾಮೆರಾಗಳ ಮೆನುವಿನಲ್ಲಿ ‘ಯುಎಸ್‌ಬಿ ಸ್ಟ್ರೀಮಿಂಗ್’ ಎಂಬ ಆಯ್ಕೆ ಇತ್ತು. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್ ಎಕ್ಸ್‌ಪಿ ಕಾಲದ್ದು, ಇವತ್ತಿನ 64 ಬಿಟ್ ಕಂಪ್ಯೂಟರ್‌ನಲ್ಲಿ ಅದನ್ನು ಎಬ್ಬಿಸಲು ಹೋಗಬೇಡಿ. ಇತ್ತ ತೀರಾ ಹೊಸವುಗಳಲ್ಲಿ, ಉದಾಹರಣೆಗೆ ಕ್ಯಾನನ್‌ನ ಎಚ್ಎಫ್ ಜಿ70ರಲ್ಲಿ, ಯುವಿಸಿಯನ್ನೇ ಕೊಟ್ಟಿದ್ದಾರೆ, ಚುಚ್ಚಿದರೆ ಸಾಕು. ನಡುವಿನ ಹದಿನೈದಿಪ್ಪತ್ತು ವರ್ಷಗಳಲ್ಲಿ ಕೊಂಡವರೆಲ್ಲ ಯುಎಸ್‌ಬಿ ಪೋರ್ಟನ್ನು ಮರೆತುಬಿಡಿ.

ಹಾಗಾದರೆ ಯಾವ ಪೋರ್ಟ್?

ಟಿವಿಗೆ ಹೋಗುವ ಪೋರ್ಟ್. ಈ ಪುಟದಲ್ಲಿ ಇದೊಂದು ಮಾತು ನೆನಪಿಟ್ಟುಕೊಂಡರೆ ಉಳಿದದ್ದನ್ನು ನೀವೇ ಬಿಡಿಸಿಕೊಳ್ಳಬಹುದು. ಮಗುವಿನ ನಾಮಕರಣದ ವಿಡಿಯೋವನ್ನು ಟಿವಿಯಲ್ಲಿ ನೋಡಲು ಯಾವ ತಂತಿ ಹಚ್ಚುತ್ತಿದ್ದಿರೋ ಅದೇ ತಂತಿಯಲ್ಲಿ, ಕ್ಯಾಮೆರಾವನ್ನು ಶೂಟಿಂಗ್ ಮೋಡ್‌ನಲ್ಲಿಟ್ಟರೆ, ಲೆನ್ಸ್ ಕಾಣುವ ದೃಶ್ಯ ಹರಿಯುತ್ತಿರುತ್ತದೆ. ರೆಕಾರ್ಡ್ ಬಟನ್ ಒತ್ತುವುದೂ ಬೇಡ. ನಮಗೆ ಬೇಕಾದದ್ದು ಆ ತಂತಿಯ ಇನ್ನೊಂದು ತುದಿಯಲ್ಲಿ ಟಿವಿಯ ಬದಲು ಕಂಪ್ಯೂಟರ್.

ಹೈ ಡೆಫಿನಿಷನ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಎಚ್‌ಡಿಎಂಐ ಇರುತ್ತದೆ. ಅದಕ್ಕಿಂತ ಹಳೆಯವುಗಳಲ್ಲಿ ಎವಿ ಔಟ್, ಅಂದರೆ ಹಳದಿ-ಬಿಳಿ-ಕೆಂಪು ತಂತಿಯದ್ದು. ಮಿನಿಡಿವಿ ಕ್ಯಾಸೆಟ್‌ನವಕ್ಕೆ ಎವಿ ಔಟ್ ಜೊತೆ ಪುಟ್ಟದೊಂದು ಫೈರ್‌ವೈರ್ ಪೋರ್ಟ್ ಕೂಡ, ಅಂದರೆ ಡಿಜಿಟಲ್ ವಿಡಿಯೋವನ್ನು ಕಂಪ್ಯೂಟರ್‌ಗೆ ಕಳಿಸುವ ಹಳೇ ಬಗೆಯ ಪೋರ್ಟ್. ಸೋನಿ ಅದನ್ನು ಐ-ಲಿಂಕ್ ಎಂದು ಕರೆಯಿತು.

ಎಚ್‌ಡಿಎಂಐ ಇದೆ. ಏನೇನು ಕೊಳ್ಳಬೇಕು?

ಒಂದು ಕೇಬಲ್, ಒಂದು ಕ್ಯಾಪ್ಚರ್ ಕಾರ್ಡ್. ಕೇಬಲ್ ಕೊಳ್ಳುವ ಮುಂಚೆ ಕ್ಯಾಮೆರಾದ ಪೋರ್ಟನ್ನು ಕಣ್ಣಾರೆ ನೋಡಿ. ಟಿವಿಯಲ್ಲಿರುವಷ್ಟು ದೊಡ್ಡದು ಮಾಮೂಲಿ ಎಚ್‌ಡಿಎಂಐ, ಅದಕ್ಕಿಂತ ಸಣ್ಣದು ಮಿನಿ, ಮೊಬೈಲ್ ಚಾರ್ಜರ್‌ನ ತುದಿಯಷ್ಟಿರುವುದು ಮೈಕ್ರೋ. ನಾನು ಮೈಕ್ರೋ ಬೇಕಿದ್ದಾಗ ಮಿನಿ ತಂದು ಎರಡು ಸಲ ಅಂಗಡಿಗೆ ಅಲೆದಿದ್ದೇನೆ. ಈಗ ಪೋರ್ಟಿನ ಫೋಟೊ ತೆಗೆದುಕೊಂಡೇ ಹೋಗುತ್ತೇನೆ.

ಕ್ಯಾಪ್ಚರ್ ಕಾರ್ಡ್ ಅಂದರೆ ಪೆನ್‌ಡ್ರೈವ್ ಗಾತ್ರದ ಡಬ್ಬಿ: ಒಂದು ಕಡೆ ಎಚ್‌ಡಿಎಂಐ ತೂತು, ಇನ್ನೊಂದು ಕಡೆ ಯುಎಸ್‌ಬಿ ಮೂತಿ. ಈ ಡಬ್ಬಿ ತಾನೇ ಯುವಿಸಿ ಜಾತಿಯದು. ಕಂಪ್ಯೂಟರ್ ಕೇಳಿದಾಗ ‘ನಾನು ವೆಬ್‌ಕ್ಯಾಮ್’ ಎಂದು ಹ್ಯಾಂಡಿಕ್ಯಾಮ್ ಪರವಾಗಿ ಉತ್ತರ ಕೊಡುವುದು ಇದೇ. ಹಾಗಾಗಿ ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವುದಕ್ಕೂ ಬೇರೆ ಡ್ರೈವರ್ ಬೇಕಿಲ್ಲ. ಝೂಮ್ ಅಥವಾ ಗೂಗಲ್ ಮೀಟ್‌ನ ಕ್ಯಾಮೆರಾ ಪಟ್ಟಿಯಲ್ಲಿ ‘ಯುಎಸ್‌ಬಿ ವಿಡಿಯೋ’ ಎಂಬಂಥ ಹೆಸರು ಕಾಣುತ್ತದೆ, ಅದನ್ನು ಆರಿಸಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಇವು ಬೇಳೆಕಾಳಿನ ಹಾಗೆ ಸಿಗುತ್ತವೆ, ಆನ್‌ಲೈನ್‌ನಲ್ಲೂ ಅಷ್ಟೇ.

ಅಗ್ಗದ ಕಾರ್ಡ್ ಮೇಲೂ ‘4ಕೆ’ ಅಂತ ಬರೆದಿದೆ. ನಿಜವೇ?

ಅರ್ಧ ನಿಜ. 4ಕೆ ಸಿಗ್ನಲ್ ಕೊಟ್ಟರೆ ಒಳಗೆ ಬಿಟ್ಟುಕೊಳ್ಳುತ್ತದೆ, ಕಂಪ್ಯೂಟರ್‌ಗೆ ಕಳಿಸುವುದು ಹೆಚ್ಚೆಂದರೆ 1080ಪಿ.

ಲೆಕ್ಕ ಹಾಕಿ ನೋಡಿ. 1920 ಅಡ್ಡ, 1080 ಉದ್ದ, ಒಂದೊಂದು ಚುಕ್ಕೆಗೆ 2 ಬೈಟ್, ಸೆಕೆಂಡಿಗೆ 30 ಚಿತ್ರ: ಹೆಚ್ಚೂಕಡಿಮೆ 124 ಮೆಗಾಬೈಟ್, ಅಂದರೆ 1000 ಮೆಗಾಬಿಟ್‌ನ ಹತ್ತಿರ. ಯುಎಸ್‌ಬಿ 2.0 ದಾರಿಯ ಅಗಲ ಕಾಗದದ ಮೇಲೇ 480 ಮೆಗಾಬಿಟ್. ಹಾಗಾಗಿ ಅಗ್ಗದ ಕಾರ್ಡ್‌ಗಳು ಪ್ರತಿ ಚಿತ್ರವನ್ನೂ ಜೆಪೆಗ್ ಫೋಟೊ ಹಾಗೆ ಹಿಂಡಿ ಕಳಿಸುತ್ತವೆ. ಪ್ಲಗ್ಗಿನ ಒಳಗೆ ನೀಲಿ ಬಣ್ಣ ಬಳಿದು ಯುಎಸ್‌ಬಿ 3.0 ಎನ್ನುವಂತೆ ತೋರಿಸಿ, ಒಳಗೆ 2.0 ಇಟ್ಟವೂ ಮಾರುಕಟ್ಟೆಯಲ್ಲಿವೆ.

ಆದರೆ ವಿಡಿಯೋ ಕರೆಗೆ ಅಷ್ಟೇ ಧಾರಾಳ ಸಾಕು. ಕರೆಯ ತಂತ್ರಾಂಶ ನಿಮ್ಮ ಚಿತ್ರವನ್ನು ಇನ್ನೊಮ್ಮೆ ಹಿಂಡಿ, ಬಹಳ ಸಲ 720ಪಿ ಅಥವಾ ಅದಕ್ಕೂ ಕಡಿಮೆ ಮಾಡಿಯೇ ಆ ಕಡೆಗೆ ದಾಟಿಸುವುದು. ದುಬಾರಿ ಕಾರ್ಡಿಗೆ ಹಣ ಹಾಕುವ ಬದಲು ಮುಖದ ಮುಂದೆ ಒಂದು ದೀಪಕ್ಕೆ ಹಾಕಿ.

ಚಿತ್ರದ ಮೇಲೆ ಬ್ಯಾಟರಿ ಗುರುತು, ಸಮಯ, ಚೌಕಗಳೆಲ್ಲ ಬರುತ್ತಿವೆ. ತೆಗೆಯುವುದು ಹೇಗೆ?

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಕಾಣುವ ಅಕ್ಷರಗಳನ್ನು ಹೊರಗಿನ ಟಿವಿಗೂ ಕಳಿಸಬೇಕೋ ಬೇಡವೋ ಅನ್ನುವ ಆಯ್ಕೆ ಮೆನುವಿನಲ್ಲಿರುತ್ತದೆ. ಸೋನಿಯಲ್ಲಿ ‘ಡಿಸ್‌ಪ್ಲೇ ಔಟ್‌ಪುಟ್’ ಅಥವಾ ‘ಡಿಸ್ಪ್ ಔಟ್’ ಹುಡುಕಿ, ‘ಎಲ್‌ಸಿಡಿ’ ಮಾತ್ರ ಎಂದಿಡಿ. ಬೇರೆಯವರು ‘ಆನ್‌ಸ್ಕ್ರೀನ್’, ‘ಎಕ್ಸ್‌ಟರ್ನಲ್ ಡಿಸ್‌ಪ್ಲೇ’ ಎಂಬ ಮಾತು ಬಳಸುತ್ತಾರೆ. ಇದೇ ಕೆಲಸಕ್ಕೆ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳುವವರು ‘ಕ್ಲೀನ್ ಎಚ್‌ಡಿಎಂಐ ಬರುತ್ತಾ?’ ಅಂತ ಗೋಳಾಡುವುದು ಇದಕ್ಕೇ.

ಎಲ್ಲ ಹುಡುಕಿದರೂ ಆ ಆಯ್ಕೆ ಇಲ್ಲದಿದ್ದರೆ ಒಬಿಎಸ್ ತಂತ್ರಾಂಶದಲ್ಲಿ ಅಂಚುಗಳನ್ನು ಕತ್ತರಿಸಿ ಹಾಕಬಹುದು. ಗುರುತುಗಳು ಸಾಮಾನ್ಯವಾಗಿ ಅಂಚಿನಲ್ಲೇ ಇರುತ್ತವೆ.

ಈ ಒಬಿಎಸ್ ಅಂದರೆ ಏನು? ಬೇಕೇ ಬೇಕಾ?

ಬೇಕೇ ಬೇಕು ಅಂತಿಲ್ಲ, ಇದ್ದರೆ ಒಳ್ಳೆಯದು. ಪುಕ್ಕಟೆ ಸಿಗುವ ಮುಕ್ತ ತಂತ್ರಾಂಶ. ಒಂದು ಕಡೆಯಿಂದ ಕ್ಯಾಮೆರಾದ ಚಿತ್ರ ತೆಗೆದುಕೊಂಡು, ಕತ್ತರಿಸಿ, ಹಿಗ್ಗಿಸಿ, ಇನ್ನೊಂದು ಕಡೆ ‘ವರ್ಚುವಲ್ ಕ್ಯಾಮೆರಾ’ ಆಗಿ ಹೊರಗೆ ಬಿಡುತ್ತದೆ. 2020ರಲ್ಲಿ ಬಂದ 26ನೇ ಆವೃತ್ತಿಯಿಂದ ಈ ವರ್ಚುವಲ್ ಕ್ಯಾಮೆರಾ ಒಳಗೇ ಸೇರಿದೆ, ಬೇರೆ ಪ್ಲಗಿನ್ ಬೇಡ. ಝೂಮ್‌ನಲ್ಲಿ ಕ್ಯಾಮೆರಾ ಆರಿಸುವಾಗ ಒಬಿಎಸ್ ವರ್ಚುವಲ್ ಕ್ಯಾಮೆರಾ ಆರಿಸಿದರೆ ಮುಗಿಯಿತು.

ಎಚ್ಚರ: ಒಂದೇ ಕ್ಯಾಪ್ಚರ್ ಕಾರ್ಡನ್ನು ಎರಡು ತಂತ್ರಾಂಶಗಳು ಒಟ್ಟಿಗೆ ಹಿಡಿದುಕೊಳ್ಳಲು ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಒಬಿಎಸ್ ತೆರೆದಿಟ್ಟು ಝೂಮ್‌ನಲ್ಲಿ ನೇರವಾಗಿ ಕಾರ್ಡನ್ನೇ ಆರಿಸಿದರೆ ಕಪ್ಪು ಪರದೆ. ಕಾರ್ಡ್ ಕೆಟ್ಟಿದೆ ಎಂದು ಹಿಂದಿರುಗಿಸಲು ಹೊರಟವರೊಬ್ಬರನ್ನು ಈ ಒಂದು ಮಾತು ಹೇಳಿ ನಿಲ್ಲಿಸಿದ್ದೇನೆ.

ಐದು ನಿಮಿಷಕ್ಕೆ ಕ್ಯಾಮೆರಾ ತಾನಾಗಿ ಆಫ್ ಆಗುತ್ತದೆ. ಕ್ಲಾಸಿನ ನಡುವೆ ಮಾನ ಹೋಯಿತು.

ಕಾರಣ ಮೂರಿರಬಹುದು. ಮೊದಲನೆಯದು ಮೆನುವಿನ ‘ಆಟೋ ಪವರ್ ಆಫ್’ ಅಥವಾ ‘ಪವರ್ ಸೇವ್’. ಅದನ್ನು ಆಫ್ ಮಾಡಿ. ಗೋಡೆಯ ಅಡಾಪ್ಟರ್ ಹಚ್ಚಿದರೆ ಕೆಲವು ಮಾಡೆಲ್‌ಗಳಲ್ಲಿ ಅದು ತಾನಾಗಿಯೇ ಸುಮ್ಮನಾಗುತ್ತದೆ.

ಎರಡನೆಯದು ಟೇಪ್ ಕ್ಯಾಮೆರಾಗಳ ಸ್ವಭಾವ. ಒಳಗೆ ಕ್ಯಾಸೆಟ್ ಇದ್ದು ರೆಕಾರ್ಡ್ ಮಾಡದೆ ಹಾಗೇ ಬಿಟ್ಟರೆ, ತಿರುಗುವ ಹೆಡ್ ಒಂದೇ ಜಾಗದಲ್ಲಿ ಟೇಪನ್ನು ಉಜ್ಜುತ್ತಿರುತ್ತದೆ. ಟೇಪ್ ಸವೆಯದಿರಲಿ ಎಂದು ಕ್ಯಾಮೆರಾ ಕೆಲವು ನಿಮಿಷ ಕಾದು ಮಲಗಿಬಿಡುತ್ತದೆ. ಮದ್ದು ಸುಲಭ: ಕ್ಯಾಸೆಟ್ ಹೊರಗೆ ತೆಗೆಯಿರಿ.

ಮೂರನೆಯದು ತಮಾಷೆಯದು. ಕ್ಯಾಸೆಟ್ ತೆಗೆದಿಟ್ಟರೆ ಕೆಲವು ಕ್ಯಾಮೆರಾಗಳು ‘ಓಹೋ, ನಾನು ಅಂಗಡಿಯ ಗಾಜಿನ ಕಪಾಟಿನಲ್ಲಿದ್ದೇನೆ’ ಎಂದುಕೊಂಡು ಸ್ವಲ್ಪ ಹೊತ್ತಿಗೆ ತಮ್ಮ ಗುಣಗಾನದ ಡೆಮೊ ಶುರುಮಾಡುತ್ತವೆ. ನನ್ನದು ಒಂದು ಮೀಟಿಂಗಿನಲ್ಲಿ ನನ್ನ ಮುಖದ ಮೇಲೆ ಜಾಹೀರಾತಿನ ಅಕ್ಷರಗಳನ್ನು ಹಾರಿಸಿತ್ತು. ಮೆನುವಿನಲ್ಲಿ ‘ಡೆಮೊ ಮೋಡ್’ ಆಫ್ ಮಾಡಿ.

ಬ್ಯಾಟರಿ ಸತ್ತಿದೆ. ಪರವಾಗಿಲ್ಲವಾ?

ಪರವಾಗಿಲ್ಲ, ಅಡಾಪ್ಟರ್ ಇದ್ದರೆ ಸಾಕು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಒತ್ತಿ ಕೂರಿಸಬೇಡಿ, ತೆಗೆದು ಇ-ತ್ಯಾಜ್ಯಕ್ಕೆ ಕೊಡಿ. ಮೂಲ ಅಡಾಪ್ಟರ್ ಕಳೆದಿದ್ದರೆ ಕ್ಯಾಮೆರಾದ ಮೇಲೆ ಬರೆದ ವೋಲ್ಟೇಜ್ ನೋಡಿಯೇ ಬೇರೆಯದನ್ನು ತನ್ನಿ. ಸೋನಿಯ ಅನೇಕ ಮಾಡೆಲ್‌ಗಳಿಗೆ 8.4 ವೋಲ್ಟ್ ಬೇಕು. ಮನೆಯಲ್ಲಿ ಬಿದ್ದಿರುವ ರೌಟರ್‌ನ 12 ವೋಲ್ಟ್ ಅಡಾಪ್ಟರ್ ತೂತಿಗೆ ಹೊಂದುತ್ತದೆ ಅಂತ ಚುಚ್ಚಿದರೆ ಕ್ಯಾಮೆರಾದ ಕಥೆ ಅಲ್ಲಿಗೇ ಮುಗಿಯುತ್ತದೆ.

ನಮ್ಮದು ಮಿನಿಡಿವಿ. ಫೈರ್‌ವೈರ್‌ನಲ್ಲಿ ಹಚ್ಚಬೇಕು ಅಂತ ಯಾರೋ ಹೇಳಿದರು.

ಹದಿನೈದು ವರ್ಷದ ಹಿಂದೆ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. 1995ರಲ್ಲಿ ಬಂದ ಡಿವಿ ಪದ್ಧತಿಯ ಸೊಗಸು ಏನೆಂದರೆ ಚಿತ್ರವನ್ನು ಕ್ಯಾಮೆರಾ ಒಳಗೇ ಡಿಜಿಟಲ್ ಮಾಡಿ, ಸೆಕೆಂಡಿಗೆ 25 ಮೆಗಾಬಿಟ್‌ಗೆ ಇಳಿಸಿ, 400 ಮೆಗಾಬಿಟ್ ಅಗಲದ ಫೈರ್‌ವೈರ್‌ನಲ್ಲಿ ಆರಾಮಾಗಿ ಕಳಿಸುತ್ತಿತ್ತು. ವಿಂಡೋಸ್ ಎಕ್ಸ್‌ಪಿ ಅದನ್ನು ಹಚ್ಚಿದ ಕೂಡಲೇ ಗುರುತು ಹಿಡಿಯುತ್ತಿತ್ತು. ಆ ಕಾಲದ ಚಾಟಿಂಗ್ ತಂತ್ರಾಂಶಗಳಲ್ಲಿ ಮಿನಿಡಿವಿ ಕ್ಯಾಮೆರಾ ಹಚ್ಚಿದವನ ಮುಖ ಉಳಿದವರ ಮಸುಕು ವೆಬ್‌ಕ್ಯಾಮ್‌ಗಳ ನಡುವೆ ಟಿವಿ ವಾರ್ತೆಯವನ ಹಾಗೆ ಕಾಣುತ್ತಿತ್ತು.

ಈಗ ಆ ದಾರಿ ಮುಚ್ಚುತ್ತಾ ಬಂದಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಫೈರ್‌ವೈರ್ ಇಲ್ಲ. ಅದನ್ನು ಬೆಳೆಸಿದ ಆಪಲ್ ಕೂಡ 2025ರಲ್ಲಿ ಬಂದ ಮ್ಯಾಕ್‌ಒಎಸ್ ಟಾಹೋದಲ್ಲಿ ಬೆಂಬಲ ಕಿತ್ತುಹಾಕಿದೆ. ಡೆಸ್ಕ್‌ಟಾಪ್‌ಗೆ ಫೈರ್‌ವೈರ್ ಕಾರ್ಡ್ ಹಾಕಿಸಿಕೊಂಡರೂ ಇವತ್ತಿನ ಕರೆಯ ತಂತ್ರಾಂಶಗಳು ಡಿವಿ ಕ್ಯಾಮೆರಾವನ್ನು ಪಟ್ಟಿಯಲ್ಲಿ ತೋರಿಸುತ್ತವೆ ಎನ್ನುವ ಭರವಸೆ ಇಲ್ಲ. ವೆಬ್‌ಕ್ಯಾಮ್ ಆಸೆಗಾಗಿ ಈ ಗುದ್ದಾಟ ಬೇಡ. ಅದೇ ಕ್ಯಾಮೆರಾದ ಹಳದಿ ತಂತಿ ಬಳಸಿ. ಹಳೇ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸುವುದಿದ್ದರೆ ಮಾತ್ರ ಫೈರ್‌ವೈರ್‌ಗೆ ಸಮ ಇನ್ನೊಂದಿಲ್ಲ, ಟೇಪಿನ ಮೇಲಿರುವುದು ಒಂದು ಬಿಟ್ ಕೂಡ ಬದಲಾಗದೆ ಬರುತ್ತದೆ. ಒಂದು ಗಂಟೆಯ ಕ್ಯಾಸೆಟ್‌ಗೆ ಸುಮಾರು 13 ಗಿಗಾಬೈಟ್ ಜಾಗ ಬೇಕು. ಬೀರುವಿನಿಂದ ಕ್ಯಾಮೆರಾ ಇಳಿಸಿದ್ದೀರಿ ತಾನೇ, ವೆಬ್‌ಕ್ಯಾಮ್ ಆಮೇಲಾಗಲಿ, ಮೊದಲು ಆ ಕ್ಯಾಸೆಟ್‌ಗಳನ್ನು ಇಳಿಸಿಕೊಳ್ಳಿ.

ಒಂದು ತುದಿ ಫೈರ್‌ವೈರ್, ಇನ್ನೊಂದು ತುದಿ ಯುಎಸ್‌ಬಿ ಇರುವ ಕೇಬಲ್ ಅಗ್ಗಕ್ಕೆ ಸಿಗುತ್ತಿದೆ. ತರಲಾ?

ಬೇಡ. ಎರಡರ ಭಾಷೆಯೇ ಬೇರೆ, ಬರೀ ತಾಮ್ರದ ತಂತಿ ದುಭಾಷಿ ಆಗಲಾರದು. ಹಣ ದಂಡ.

ಹಳದಿ-ಬಿಳಿ-ಕೆಂಪು ತಂತಿ ಹೇಗೆ ಹಚ್ಚುವುದು?

ಎವಿ ಇಂದ ಯುಎಸ್‌ಬಿಗೆ ಬದಲಿಸುವ ಡಬ್ಬಿ ಸಿಗುತ್ತದೆ, ‘ಈಝಿಕ್ಯಾಪ್’ ಎಂಬ ಹೆಸರಿನಲ್ಲಿ ನೂರೆಂಟು ತಯಾರಕರದ್ದು. ಕೊಳ್ಳುವಾಗ ಕೇಳಬೇಕಾದ್ದು ಒಂದೇ ಪ್ರಶ್ನೆ: ‘ಡ್ರೈವರ್ ಇಲ್ಲದೆ, ಯುವಿಸಿಯಲ್ಲಿ ಕೆಲಸ ಮಾಡುತ್ತಾ?’ ಹಳೆಯವು ಪುಟ್ಟ ಸಿಡಿಯಲ್ಲಿ ಬರುವ ಡ್ರೈವರ್ ಬೇಡುತ್ತವೆ, ಸಿಡಿ ಹಾಕಲು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಜಾಗವೇ ಇರುವುದಿಲ್ಲ.

ಕ್ಯಾಮೆರಾ ಕಡೆ ಎವಿ ಪೋರ್ಟ್ ಇಯರ್‌ಫೋನ್ ತೂತಿನ ಹಾಗಿದ್ದರೆ ಒಂದು ಕೀಟಲೆ ಇದೆ. ಆ ಪ್ಲಗ್ಗಿನ ನಾಲ್ಕು ಉಂಗುರಗಳಲ್ಲಿ ಯಾವುದು ವಿಡಿಯೋ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಬೇರೆ ಕೇಬಲ್ ಹಾಕಿದಾಗ ಚಿತ್ರ ಬರದೆ ಗುಂಯ್‌ಗುಡುವ ಸದ್ದು ಬಂದರೆ ಗಾಬರಿ ಬೇಡ, ಹಳದಿ ತೂತಿಗೆ ಕೆಂಪು ಪ್ಲಗ್ ಹಾಕಿ ನೋಡಿ. ಬಹಳ ಸಲ ಚಿತ್ರ ಅಲ್ಲಿ ಅಡಗಿ ಕೂತಿರುತ್ತದೆ. ಎಸ್-ವಿಡಿಯೋ ಪೋರ್ಟ್ ಇದ್ದರೆ ಅದನ್ನೇ ಬಳಸಿ, ಹೊಳಪು ಮತ್ತು ಬಣ್ಣ ಬೇರೆ ಬೇರೆ ತಂತಿಯಲ್ಲಿ ಬರುವುದರಿಂದ ಅಂಚುಗಳಲ್ಲಿ ಬಣ್ಣ ಸೋರುವುದಿಲ್ಲ.

ಇಲ್ಲಿ ಬರುವ ಚಿತ್ರ 720 x 576, ಅದೂ ಬೆಸ-ಸಮ ಗೆರೆಗಳು ಸರದಿಯಲ್ಲಿ ಬರುವ ಇಂಟರ್‌ಲೇಸ್ ಪದ್ಧತಿಯದು. ಕೈ ಬೀಸಿದರೆ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತವೆ. ಒಬಿಎಸ್‌ನಲ್ಲಿ ಆ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಇಂಟರ್‌ಲೇಸಿಂಗ್’ನಲ್ಲಿ ‘ಯಾಡಿಫ್’ ಆರಿಸಿದರೆ ಹೋಗುತ್ತದೆ. ಮುಖ ಉದ್ದುದ್ದ ಕಂಡರೆ ಕ್ಯಾಮೆರಾ 16:9ರಲ್ಲಿದೆ ಎಂದರ್ಥ, ಅಡ್ಡಕ್ಕೆ ಎಳೆದು ಸರಿಮಾಡಿ.

ಅಣ್ಣ ಅಮೆರಿಕದಿಂದ ತಂದುಕೊಟ್ಟ ಕ್ಯಾಮೆರಾ. ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣುಕುತ್ತದೆ.

ಕ್ಯಾಮೆರಾ ಕೆಟ್ಟಿಲ್ಲ, ಕರೆಂಟ್ ಬೇರೆ. ನಮ್ಮ ಕರೆಂಟ್ ಸೆಕೆಂಡಿಗೆ 50 ಸುತ್ತಿನದು, ಹಾಗಾಗಿ ಹಳೇ ಟ್ಯೂಬ್‌ಲೈಟ್ ಮತ್ತು ಕೆಲವು ಅಗ್ಗದ ಎಲ್ಇಡಿಗಳು ಸೆಕೆಂಡಿಗೆ 100 ಸಲ ಹೆಚ್ಚುಕಡಿಮೆ ಆಗುತ್ತವೆ. ಅಮೆರಿಕದ್ದು 60 ಸುತ್ತು. ಅಲ್ಲಿಯ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯ ಕ್ಯಾಮೆರಾ ಸಾಮಾನ್ಯವಾಗಿ 1/60 ಸೆಕೆಂಡಿನ ಶಟರ್‌ನಲ್ಲಿ ನಡೆಯುತ್ತದೆ. ಆ ಲೆಕ್ಕಕ್ಕೂ ನಮ್ಮ ದೀಪದ ಲೆಕ್ಕಕ್ಕೂ ತಾಳ ಕೂಡುವುದಿಲ್ಲ. ಒಂದು ಚಿತ್ರಕ್ಕೆ ಬೆಳಕು ಜಾಸ್ತಿ, ಮುಂದಿನದಕ್ಕೆ ಕಡಿಮೆ. ಶಟರ್ ಅನ್ನು 1/100ಕ್ಕೆ ಇಡಿ. ಪ್ರತಿ ಚಿತ್ರವೂ ದೀಪದ ಸರಿಯಾಗಿ ಒಂದು ಸುತ್ತನ್ನು ನುಂಗುತ್ತದೆ, ಮಿಣುಕು ನಿಲ್ಲುತ್ತದೆ. ಚಿತ್ರ ಸ್ವಲ್ಪ ಕತ್ತಲಾಗುತ್ತದೆ, ದೀಪ ಹತ್ತಿರ ತನ್ನಿ. ಶಟರ್ ಬದಲಿಸುವ ಆಯ್ಕೆಯೇ ಇಲ್ಲದ ಕ್ಯಾಮೆರಾ ಆದರೆ ಹಗಲಲ್ಲಿ ಕಿಟಕಿ ಮುಂದೆ ಕೂರಿ, ಸೂರ್ಯನಿಗೆ ಈ ಕಾಟ ಇಲ್ಲ.

ಹಳದಿ ತಂತಿ ಬಳಸುವವರು ಒಬಿಎಸ್‌ನಲ್ಲಿ ವಿಡಿಯೋ ಪದ್ಧತಿಯನ್ನು ನಮ್ಮ ಕಡೆಯ ಪಾಲ್‌ನಿಂದ ಎನ್‌ಟಿಎಸ್‌ಸಿಗೆ ಬದಲಿಸಲು ಮರೆಯಬೇಡಿ. ಮರೆತರೆ ಚಿತ್ರ ಕಪ್ಪುಬಿಳುಪಾಗಿ ಉರುಳುತ್ತದೆ.

ತುಟಿ ಮೊದಲು, ಮಾತು ಆಮೇಲೆ. ಅಥವಾ ತಿರುಗಮುರುಗ.

ಕ್ಯಾಪ್ಚರ್ ಕಾರ್ಡ್‌ಗೆ ಚಿತ್ರ ಅರಗಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಲ್ಯಾಪ್‌ಟಾಪ್ ಮೈಕ್‌ಗೆ ಆ ತಡ ಇಲ್ಲ, ಹಾಗಾಗಿ ಮಾತು ಮುಂದೋಡುತ್ತದೆ. ಮಾತನ್ನೂ ಅದೇ ತಂತಿಯಲ್ಲಿ ತಂದರೆ ಎರಡೂ ಜೊತೆಗೇ ತಡವಾಗುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ಮೈಕ್ ಪಟ್ಟಿಯಲ್ಲಿ ಕಾರ್ಡ್‌ನ ಹೆಸರು ಇರುತ್ತದೆ, ಅದನ್ನು ಆರಿಸಿ. ಕ್ಯಾಮೆರಾದಲ್ಲಿ ಮೈಕ್ ತೂತು ಇದ್ದರೆ ಕಾಲರ್ ಮೈಕ್ ಅಲ್ಲಿಗೇ ಚುಚ್ಚಿ. ಬೇರೆ ಮೈಕೇ ಬೇಕೆನ್ನುವವರು ಒಬಿಎಸ್‌ನಲ್ಲಿ ಆ ಧ್ವನಿಯನ್ನೂ ತಡಮಾಡಬಹುದು. 150 ಮಿಲಿಸೆಕೆಂಡ್‌ನಿಂದ ಶುರುಮಾಡಿ, ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ ನೋಡುತ್ತಾ ಹೊಂದಿಸಿ. ಆದರೆ ಒಬಿಎಸ್‌ನ ವರ್ಚುವಲ್ ಕ್ಯಾಮೆರಾ ಚಿತ್ರವನ್ನು ಮಾತ್ರ ಒಯ್ಯುತ್ತದೆ, ಧ್ವನಿಯನ್ನಲ್ಲ. ನೇರ ಪ್ರಸಾರಕ್ಕೆ ಈ ಉಪಾಯ ನಡೆಯುತ್ತದೆ, ಝೂಮ್ ಕರೆಗೆ ನೇರವಾಗಿ ನಡೆಯುವುದಿಲ್ಲ.

ಒಳ್ಳೇ ಫೋನ್ ಇರುವಾಗ ಇಷ್ಟೆಲ್ಲ ಯಾಕೆ?

ಸರಿಯಾದ ಪ್ರಶ್ನೆ. ಬರೀ ಮುಖ ತೋರಿಸಿ ಮೀಟಿಂಗ್ ಮಾಡುವವರಿಗೆ ಫೋನೇ ಸಾಕು. ಆಂಡ್ರಾಯ್ಡ್ 14ರಿಂದ ಈಚೆಗೆ ಕೆಲವು ಫೋನ್‌ಗಳು ಯುಎಸ್‌ಬಿಯಲ್ಲಿ ಹಚ್ಚಿದರೆ ತಾವೇ ವೆಬ್‌ಕ್ಯಾಮ್ ಆಗುತ್ತವೆ, ಐಫೋನ್ ಮತ್ತು ಮ್ಯಾಕ್ ಇದ್ದವರಿಗೆ 2022ರಿಂದ ಆ ಅನುಕೂಲ ಇದೆ.

ಹ್ಯಾಂಡಿಕ್ಯಾಮ್ ಗೆಲ್ಲುವುದು ದೂರದಿಂದ ಹತ್ತಿರ ತೋರಿಸಬೇಕಾದಾಗ. ನಮ್ಮ ಅತ್ತಿಗೆ ವಿದೇಶದಲ್ಲಿರುವ ಮಕ್ಕಳಿಗೆ ವೀಣೆ ಪಾಠ ಹೇಳುತ್ತಾರೆ. ಫೋನನ್ನು ವೀಣೆಯ ಹತ್ತಿರ ನಿಲ್ಲಿಸಿದರೆ ಕೈಗೆ ಅಡ್ಡ, ದೂರ ಇಟ್ಟರೆ ಬೆರಳು ಯಾವ ಮೆಟ್ಟಿಲ ಮೇಲಿದೆ ಅಂತ ಕಾಣದು. ಹ್ಯಾಂಡಿಕ್ಯಾಮನ್ನು ಹಜಾರದ ಆ ತುದಿಗೆ ಟ್ರೈಪಾಡ್ ಮೇಲಿಟ್ಟು, ಲೆನ್ಸಿನ ನಿಜವಾದ ಝೂಮ್‌ನಿಂದ 24 ಮೆಟ್ಟಿಲೂ ಪರದೆ ತುಂಬುವ ಹಾಗೆ ಮಾಡಿಕೊಟ್ಟೆ. ಫೋಕಸ್ ಅನ್ನು ಮ್ಯಾನುಯಲ್‌ಗೆ ಹಾಕಿ ಅಲ್ಲೇ ಕಟ್ಟಿಹಾಕಿದೆ, ಇಲ್ಲದಿದ್ದರೆ ಕೈ ಆಡಿದಾಗೆಲ್ಲ ಅದು ಫೋಕಸ್ ಹುಡುಕಿಕೊಂಡು ತಿರುಗುತ್ತದೆ. ಗಮಕದಲ್ಲಿ ತಂತಿ ಎಷ್ಟು ಎಳೆಯುತ್ತಾರೆ ಎನ್ನುವುದೂ ಆ ಕಡೆಗೆ ಕಾಣುತ್ತದೆಯಂತೆ. ರಂಗೋಲಿ, ಅಡುಗೆ, ಮೃದಂಗ, ಸರ್ಕಿಟ್ ಬೆಸುಗೆ ಇವಕ್ಕೆಲ್ಲ ಇದೇ ಮಾತು.

ತೊಂದರೆ ಏನೆಂದರೆ ಈ ಲೆನ್ಸ್‌ಗಳು ಅಗಲಕ್ಕೆ ಜಿಪುಣ. ಚಿಕ್ಕ ಕೋಣೆಯಲ್ಲಿ ಮೇಜಿನ ಮೇಲಿಟ್ಟರೆ ಮೂಗು ಮಾತ್ರ ಕಾಣುತ್ತದೆ. ಒಂದೂವರೆ ಮೀಟರಾದರೂ ದೂರ ಬೇಕು, ಅಂದರೆ ಉದ್ದದ ಕೇಬಲ್ಲೂ ಬೇಕು.

ಮದುವೆ ವಿಡಿಯೋದವರ ದೊಡ್ಡ ಕ್ಯಾಮೆರಾ ಹಚ್ಚಬಹುದಾ?

ಧಾರಾಳವಾಗಿ. ಊರೂರಿನ ಸ್ಟುಡಿಯೋಗಳಲ್ಲಿ ಭುಜದ ಮೇಲಿಡುವ ಪ್ಯಾನಸಾನಿಕ್ ಎಂಡಿ10000 ಈಗ ಧೂಳು ತಿನ್ನುತ್ತಿದೆ. ಅದು ಮಿನಿಡಿವಿ, ಹಳದಿ ತಂತಿಯ ದಾರಿ. ಆಮೇಲೆ ಬಂದ ಸೋನಿ ಎಂಸಿ2500ರಲ್ಲಿ ಎಚ್‌ಡಿಎಂಐ ಇದೆ. ಕರಾವಳಿಯಲ್ಲಿ ರಾತ್ರಿಯಿಡೀ ಯಕ್ಷಗಾನ ನೇರ ಪ್ರಸಾರ ಮಾಡುವವರಿಗೆ ಇಂಥ ಕ್ಯಾಮೆರಾ ಮತ್ತು ಕ್ಯಾಪ್ಚರ್ ಕಾರ್ಡ್ ಜೋಡಿ ಹೊಸದಲ್ಲ. ಗಂಟೆಗಟ್ಟಲೆ ಓಡಲೆಂದೇ ಕಟ್ಟಿದ ಯಂತ್ರ, ಫೋನಿನ ಹಾಗೆ ಕಾದು ಕೈಕೊಡುವುದು ಕಡಿಮೆ.

ನನ್ನ ಚಿತ್ರ ಎಡಬಲ ಅದಲುಬದಲಾಗಿದೆಯಲ್ಲ?

ನಿಮಗೆ ಮಾತ್ರ ಹಾಗೆ ಕಾಣುವುದು. ಕನ್ನಡಿಯಂತೆ ಕಂಡರೆ ನಮಗೆ ಹಿತ ಎಂದು ತಂತ್ರಾಂಶ ತಿರುಗಿಸಿ ತೋರಿಸುತ್ತದೆ. ಆ ಕಡೆಯವರಿಗೆ ಬೋರ್ಡಿನ ಮೇಲಿನ ಅಕ್ಷರ ಸರಿಯಾಗೇ ಕಾಣುತ್ತದೆ.

ಎಲ್ಲ ಹಚ್ಚಿದೆ, ಆದರೂ ಪರದೆ ಕಪ್ಪು.

ಲೆನ್ಸಿನ ಮುಚ್ಚಳ ತೆಗೆದಿರಾ? ನಗಬೇಡಿ, ಕೆಲವು ಮಾಡೆಲ್‌ಗಳಲ್ಲಿ ಮುಚ್ಚಳ ಸರಿಸುವ ಗುಬುಟು ಪಕ್ಕದಲ್ಲಿ ಅಡಗಿರುತ್ತದೆ. ಆಮೇಲೆ ಕ್ಯಾಮೆರಾ ಪ್ಲೇಬ್ಯಾಕ್‌ನಲ್ಲಿದೆಯೋ ಶೂಟಿಂಗ್‌ನಲ್ಲಿದೆಯೋ ನೋಡಿ. ವಿಂಡೋಸ್‌ನ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಕ್ಯಾಮೆರಾಗೆ ಅನುಮತಿ ಇದೆಯೇ ನೋಡಿ. ಕ್ಯಾಮೆರಾದ ಎಚ್‌ಡಿಎಂಐ ರೆಸಲ್ಯೂಷನ್ ‘ಆಟೋ’ದಲ್ಲಿದ್ದರೆ 720ಪಿ ಅಥವಾ 576ಪಿಗೆ ಇಳಿಸಿ ನೋಡಿ. ಕೊನೆಗೆ ಅದೇ ಕೇಬಲ್ ಕಿತ್ತು ಟಿವಿಗೆ ಹಚ್ಚಿ. ಟಿವಿಯಲ್ಲಿ ಚಿತ್ರ ಬಂದರೆ ತಪ್ಪು ಕಂಪ್ಯೂಟರ್ ಕಡೆಯದು, ಬರದಿದ್ದರೆ ಕ್ಯಾಮೆರಾ ಅಥವಾ ಕೇಬಲ್ಲಿನದು.